‘ಆ ಕುಮಾರನೇ ಈತನು’: ಭಾವಾಲ್ ಸಂನ್ಯಾಸಿಯ ಮೊಕದ್ದಮೆಯಲ್ಲಿ ಪ್ರತ್ಯಭಿಜ್ಞೆಯ ವಿಚಾರ

ಕಳೆದುಹೋದವನು ಮರಳಿ ಬರುವ ಕಥೆಗಳಲ್ಲಿ ಅವನ ಗುರುತನ್ನು ನಿಶ್ಚಯಿಸುವುದಕ್ಕೆ ಬಹುಮಟ್ಟಿಗೆ ಒಂದೇ ಕುರುಹು ಸಾಕಾಗುತ್ತದೆ. ದುಷ್ಯಂತನಿಗೆ ಉಂಗುರವು ಸಾಕಾಯಿತು. ದಮಯಂತಿಗೆ ಬಾಹುಕನ ಕೈಯಡುಗೆಯ ರುಚಿಯು ನಳನನ್ನು ತೋರಿಸಿಕೊಟ್ಟಿತು. ನಮ್ಮ ದಾರ್ಶನಿಕರು ಇಂತಹ ಅರಿವನ್ನು ಪ್ರತ್ಯಭಿಜ್ಞೆಯೆಂದು ಕರೆದು, ‘ಆ ದೇವದತ್ತನೇ ಈತನು’ ಎಂಬುದನ್ನು ಅದಕ್ಕೆ ನಿದರ್ಶನವಾಗಿ ಕೊಡುವುದುಂಟು. ಈ ವಾಕ್ಯದಲ್ಲಿ ‘ಆ’ ಎಂಬುದು ಹಿಂದೆ ಕಂಡವನನ್ನೂ, ‘ಈ’ ಎಂಬುದು ಈಗ ಎದುರಿಗಿರುವವನನ್ನೂ ಹೇಳುತ್ತವೆ. ಇವೆರಡನ್ನೂ ಬಲ್ಲವನಿಗಲ್ಲದೆ ಪ್ರತ್ಯಭಿಜ್ಞೆಯು ಸಾಧ್ಯವಿಲ್ಲ. ‘ಆ’ ಎಂಬುದನ್ನು ಬಲ್ಲವರೇ ತಮ್ಮೊಳಗೆ ಭಿನ್ನರಾದರೆ ಗತಿಯೇನು? ಈ ಪ್ರಶ್ನೆಯನ್ನು ಬಂಗಾಳದ ಭಾವಾಲ್ ಸಂನ್ಯಾಸಿಯ ಮೊಕದ್ದಮೆಯು ಹದಿನಾರು ವರ್ಷಗಳ ಕಾಲ ನ್ಯಾಯಸ್ಥಾನಗಳ ಮುಂದೆ ಇಟ್ಟಿತ್ತು.

ಭಾವಾಲ್ ಸಂಸ್ಥಾನವು ಢಾಕಾ ಪ್ರಾಂತದ ದೊಡ್ಡ ಜಮೀನುದಾರಿಗಳಲ್ಲೊಂದು. ಅದರ ಅರಮನೆಯಿದ್ದ ಜಯದೇವಪುರವು ಇಂದು ಬಾಂಗ್ಲಾದೇಶದ ಗಾಜೀಪುರಕ್ಕೆ ಸೇರಿದೆ. ರಾಜಾ ರಾಜೇಂದ್ರನಾರಾಯಣರಾಯರು ೧೯೦೧ರಲ್ಲಿ ತೀರಿಕೊಂಡ ಮೇಲೆ ಸಂಸ್ಥಾನವು ಅವರ ಮೂವರು ಗಂಡುಮಕ್ಕಳಿಗೆ ಬಂದಿತು. ಎರಡನೆಯವನಾದ ರಮೇಂದ್ರನಾರಾಯಣನು ೧೯೦೯ರ ಏಪ್ರಿಲಿನಲ್ಲಿ ಪತ್ನಿ ವಿಭಾವತೀದೇವಿ, ಆಕೆಯ ಅಣ್ಣ ಹಾಗೂ ಮನೆಯ ವೈದ್ಯನೊಡನೆ ದಾರ್ಜಿಲಿಂಗಿಗೆ ಹೋದನು. ಮೇ ತಿಂಗಳ ಮೊದಲ ವಾರದಲ್ಲಿ ಕಾಯಿಲೆ ಬಿದ್ದು ಅಲ್ಲಿಯೇ ತೀರಿಕೊಂಡನೆಂದೂ, ಮೇ ೮ರ ಬೆಳಗ್ಗೆ ದಹನವಾಯಿತೆಂದೂ ಪ್ರಕಟವಾಯಿತು. ಉಳಿದಿಬ್ಬರು ಸಹೋದರರು ೧೯೧೦ ಮತ್ತು ೧೯೧೩ರಲ್ಲಿ ಕಾಲವಾದರು. ಸಂಸ್ಥಾನದ ಆಡಳಿತವು ಸರ್ಕಾರದ ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಯ ವಶವಾಯಿತು.

ಸುಮಾರು ಹನ್ನೆರಡು ವರ್ಷಗಳ ತರುವಾಯ ಢಾಕಾ ನಗರದ ಬಕ್ಲಂಡ್ ಕಟ್ಟೆಯ ಮೇಲೆ, ಬೂಡಿಗಂಗಾ ನದಿಯ ದಡದಲ್ಲಿ, ಭಸ್ಮವನ್ನು ಬಳಿದುಕೊಂಡ ಜಟಾಧಾರಿಯೊಬ್ಬನು ಕಾಣಿಸಿಕೊಂಡನು. ಅವನ ಮಾತು ಹಿಂದಿ. ನೋಡಿದವರು ಎರಡನೆಯ ಕುಮಾರನ ಹೋಲಿಕೆಯನ್ನು ಕಂಡು ಬೆರಗಾದರು. ೧೯೨೧ರ ಮೇ ೪ರಂದು ಜಯದೇವಪುರದಲ್ಲಿ ಸೋದರಿ ಜ್ಯೋತಿರ್ಮಯೀದೇವಿಯ ಮನೆಯ ಮುಂದೆ, ನೆರೆದ ಜನರ ಎದುರಿನಲ್ಲಿ, ಅವನು ತನ್ನ ಹೆಸರನ್ನೂ ತಂದೆತಾಯಿಗಳ ಹೆಸರನ್ನೂ ಹೇಳಿದನು. ಹಾಲೂಡಿಸಿದ ದಾದಿಯಾರೆಂದು ಕೇಳಿದಾಗ ‘ಅಲಕಾ’ ಎಂದು ಉತ್ತರಕೊಟ್ಟನು. ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಸೋದರಿಯೂ ಅಜ್ಜಿ ಸತ್ಯಭಾಮಾದೇವಿಯೂ ಅವನನ್ನು ಒಪ್ಪಿಕೊಂಡರು. ರೈತರು ಸಾವಿರಗಟ್ಟಲೆಯಾಗಿ ಬಂದು ಕಂಡುಹೋದರು. ಆದರೆ ರೆವೆನ್ಯೂ ಮಂಡಲಿಯು ಜೂನ್ ೩ರಂದು ಈತನು ವಂಚಕನೆಂದು ಸಾರಿತು. ಈ ಪ್ರಕಟನೆಯನ್ನು ಸಾರುವ ಸಂದರ್ಭದಲ್ಲಿ ಮಿರ್ಜಾಪುರದಲ್ಲಿ ಗಲಭೆಯಾಗಿ, ಪೋಲೀಸರ ಗುಂಡಿಗೆ ಒಬ್ಬನು ಬಲಿಯಾದನು. ಗುರುತಿನ ಪ್ರಶ್ನೆಯು ಅಲ್ಲಿಗೆ ಕುಟುಂಬದ ವಿಷಯವಾಗಿ ಉಳಿಯಲಿಲ್ಲ. ಯಾರಿಗೆ ಕಂದಾಯ ಸಲ್ಲಬೇಕು, ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಯಾಯಿತು.

೧೯೩೦ರ ಏಪ್ರಿಲಿನಲ್ಲಿ ಸಂನ್ಯಾಸಿಯು ದಾವೆ ಹೂಡಿದನು. ೧೯೩೩ರ ನವೆಂಬರಿನಲ್ಲಿ ಢಾಕಾದ ನ್ಯಾಯಾಧೀಶರಾದ ಪನ್ನಾಲಾಲ್ ಬಸು ಅವರ ಮುಂದೆ ವಿಚಾರಣೆಯು ಆರಂಭವಾಯಿತು. ವಾದಿಯ ಪರವಾಗಿ ೧೦೬೯, ಪ್ರತಿವಾದಿಗಳ ಪರವಾಗಿ ೪೭೯, ಒಟ್ಟು ೧೫೪೮ ಸಾಕ್ಷಿಗಳ ಹೇಳಿಕೆಗಳಾದುವು. ‘ಇವನೇ ಅವನು’ ಎಂದು ನೂರಾರು ಜನರೂ ‘ಇವನು ಅವನಲ್ಲ’ ಎಂದು ನೂರಾರು ಜನರೂ ಪ್ರಮಾಣಮಾಡಿ ಹೇಳಿದಾಗ ತಲೆಯೆಣಿಕೆಯಿಂದ ಪ್ರಯೋಜನವಿಲ್ಲ. ಆದುದರಿಂದ ವಿಚಾರವು ದೇಹದ ಕಡೆಗೆ ತಿರುಗಿತು. ಕುಮಾರನ ಜೀವವಿಮೆಯ ಸಂಬಂಧದಲ್ಲಿ ಹಿಂದೆ ಬರೆಯಲಾಗಿದ್ದ ವೈದ್ಯನ ವರದಿಯೊಂದು ದೊರೆಯಿತು. ಎಡಗಾಲಿನ ಹರಡಿನ ಬಳಿಯ ಗಾಯದ ಕಲೆ, ಆ ಮನೆತನದಲ್ಲಿ ಕಂಡುಬರುತ್ತಿದ್ದ ಪಾದಗಳ ಒರಟು ಚರ್ಮ, ಕೂದಲು ಕಣ್ಣುಗಳ ಬಣ್ಣ — ಇವುಗಳಲ್ಲಿ ಯಾವುದೊಂದೂ ತಾನೇ ಉಂಗುರವಾಗಲಾರದು. ಆದರೆ ಇವೆಲ್ಲವೂ ಒಬ್ಬನೇ ಅನ್ಯನಲ್ಲಿ ಒಟ್ಟಿಗೆ ಬಂದು ಸೇರುವುದು ಸಂಭವವಲ್ಲವೆಂಬುದೇ ತೀರ್ಪಿನ ಆಧಾರಕಂಬ.

ಪ್ರತಿವಾದಿಗಳು ಎಡವಿದುದು ‘ಈ’ ಎಂಬುದರಲ್ಲಿಯಷ್ಟೇ ಅಲ್ಲ, ‘ಆ’ ಎಂಬುದರಲ್ಲಿಯೂ ಆಗಿತ್ತು. ವಾದಿಯು ಲಾಹೋರ್ ಪ್ರಾಂತದ ಔಜಲಾ ಗ್ರಾಮದ ಮಾಲ್ ಸಿಂಗನೆಂಬವನೆಂದು ಅವರು ವಾದಿಸಿದರು. ವಾದಿಯಾದರೋ ಓದುಬರಹವನ್ನು ಹೆಚ್ಚಾಗಿ ಅರಿಯದವನು; ಬಂಗಾಳಿಯನ್ನೂ ತಡವರಿಸಿ ಆಡುತ್ತಿದ್ದವನು. ಅಂತರವು ಎದ್ದು ಕಾಣಲೆಂದು ಅವರು ತಮ್ಮ ಕುಮಾರನನ್ನು ಇಂಗ್ಲಿಷ್ ಬಲ್ಲ ಸುಶಿಕ್ಷಿತನನ್ನಾಗಿ ಚಿತ್ರಿಸಿದರು. ನಿಜವಾದ ಕುಮಾರನು ಬೇಟೆಯಲ್ಲಿಯೂ ಕುದುರೆ ಆನೆಗಳ ಒಡನಾಟದಲ್ಲಿಯೂ ಬೆಳೆದವನು, ಪಾಠಕ್ಕೆ ಒಲಿದವನಲ್ಲ. ಹೀಗೆ ಎಂದೂ ಬಾಳದಿದ್ದ ಒಬ್ಬ ಕುಮಾರನನ್ನು ಕಲ್ಪಿಸಿ, ಅವನೊಡನೆ ವಾದಿಯು ಹೋಲುವುದಿಲ್ಲವೆಂದು ತೋರಿಸಿದಂತಾಯಿತು. ನ್ಯಾಯಾಧೀಶರು ಆ ಚಿತ್ರವನ್ನು ನಂಬಲಿಲ್ಲ. ೧೯೩೬ರ ಆಗಸ್ಟ್ ೨೪ರಂದು ತೀರ್ಪು ವಾದಿಯ ಪರವಾಯಿತು.

ದಾರ್ಜಿಲಿಂಗಿನ ರಾತ್ರಿಯ ವಿಷಯವಾದರೋ ಬೇರೆ. ತನಗೆ ವಿಷವಿಕ್ಕಲಾಯಿತೆಂದೂ, ಸಂಜೆಯೇ ಸ್ಮಶಾನಕ್ಕೆ ಒಯ್ದರೆಂದೂ, ಬಿರುಮಳೆಗೆ ಹೆದರಿ ಹೊತ್ತವರು ಆಸರೆಯನ್ನು ಹುಡುಕಿಕೊಂಡು ಹೋದಾಗ ನಾಗಾ ಸಾಧುಗಳು ತನ್ನನ್ನು ಎತ್ತಿಕೊಂಡು ಹೋದರೆಂದೂ, ಮರುದಿನ ಸುಟ್ಟುದು ಬೇರೊಂದು ಶವವೆಂದೂ ವಾದಿಯ ಹೇಳಿಕೆ. ಆ ರಾತ್ರಿ ಮಳೆ ಬಂದಿತೇ ಇಲ್ಲವೇ ಎಂಬುದೇ ಒಂದು ದೊಡ್ಡ ವಾದವಾಯಿತು. ಜನರು ಕರಪತ್ರಗಳಲ್ಲಿಯೂ ಹಾಡುಗಳಲ್ಲಿಯೂ ಮೆಚ್ಚಿ ಕೊಂಡಾಡಿದುದು ಈ ಭಾಗವನ್ನೇ. ಆದರೆ ಪ್ರಮಾಣದ ದೃಷ್ಟಿಯಿಂದ ಅತ್ಯಂತ ದುರ್ಬಲವಾದುದೂ ಇದೇ. ಹಗಲುಣ್ಣದ ದೇವದತ್ತನು ದಪ್ಪಗಿದ್ದರೆ ರಾತ್ರಿ ಉಣ್ಣುತ್ತಿರಬೇಕೆಂದು ಮೀಮಾಂಸಕರು ಊಹಿಸುವರಷ್ಟೆ. ಅದರಂತೆಯೇ, ಎದುರಿಗಿರುವವನು ಕುಮಾರನೇ ಆದಲ್ಲಿ ಚಿತೆಯಲ್ಲಿ ಬೆಂದವನು ಅವನಲ್ಲವೆಂಬುದು ಅರ್ಥಾಪತ್ತಿಯಿಂದ ಸಿದ್ಧವಾಗುತ್ತದೆ. ಹೇಗೆ ಪಾರಾದನೆಂಬುದು ಮಾತ್ರ ಅದರಿಂದ ಸಿದ್ಧವಾಗದು. ಗುರುತು ಪಾರಾಗುವಿಕೆಯನ್ನು ಹೊತ್ತಿದೆಯೇ ಹೊರತು ಪಾರಾಗುವಿಕೆಯು ಗುರುತನ್ನು ಹೊತ್ತಿಲ್ಲ.

ಕಲ್ಕತ್ತೆಯ ಉಚ್ಚನ್ಯಾಯಾಲಯದಲ್ಲಿ ಮೂವರು ನ್ಯಾಯಮೂರ್ತಿಗಳು ಮೇಲ್ಮನವಿಯನ್ನು ಕೇಳಿದರು. ೧೯೪೦ರ ಆಗಸ್ಟಿನಲ್ಲಿ ಬಿಸ್ವಾಸ್ ಮತ್ತು ಕಾಸ್ಟೆಲೊ ಅವರು ಕೆಳಗಿನ ತೀರ್ಪನ್ನು ಎತ್ತಿಹಿಡಿದರು. ಲಾಡ್ಜ್ ಅವರು ಭಿನ್ನಮತವನ್ನು ಬರೆದರು. ಲಂಡನ್ನಿನ ಪ್ರಿವಿ ಕೌನ್ಸಿಲು ೧೯೪೬ರ ಜುಲೈ ೩೦ರಂದು ವಿಭಾವತೀದೇವಿಯ ಮನವಿಯನ್ನು ತಳ್ಳಿಹಾಕಿತು. ಎರಡು ನ್ಯಾಯಾಲಯಗಳು ಒಂದೇ ರೀತಿಯಾಗಿ ನಿರ್ಣಯಿಸಿದ ಸಂಗತಿಯಲ್ಲಿ ವಿಶೇಷ ಕಾರಣವಿಲ್ಲದೆ ತಾನು ಕೈಹಾಕಲಾರೆನೆಂಬುದೇ ಅದರ ಮುಖ್ಯ ನಿಲುವು. ಈ ನಿಯಮಕ್ಕಾಗಿ ಆ ತೀರ್ಪನ್ನು ನ್ಯಾಯಶಾಸ್ತ್ರದಲ್ಲಿ ಉದಾಹರಿಸುವುದುಂಟು. ಗೆದ್ದ ಸುದ್ದಿ ಬಂದ ಕೆಲವೇ ದಿನಗಳಲ್ಲಿ ವಾದಿಯು ಕಲ್ಕತ್ತೆಯಲ್ಲಿ ತೀರಿಕೊಂಡನು.

ದಮಯಂತಿಯು ಗುರುತಿಸಿದುದರಿಂದ ನಳನು ನಳನಾದನು. ಇಲ್ಲಿಯ ದಮಯಂತಿ ಇವನು ತನ್ನ ಪತಿಯಲ್ಲವೆಂದೇ ಕೊನೆಯವರೆಗೂ ಹೋರಾಡಿದಳು. ವಾದಿಯು ಕುಮಾರನೇ ಆಗಿದ್ದರೆ ಅವಳು ಬದುಕಿದ್ದ ಪತಿಯನ್ನು ಅಲ್ಲಗಳೆದಳು. ಅಲ್ಲದಿದ್ದರೆ ಅನ್ಯನನ್ನು ಅವಳ ಪತಿಯೆಂದು ನ್ಯಾಯಸ್ಥಾನವು ವಿಧಿಸಿತು. ಎರಡರಲ್ಲಿ ಯಾವುದಾದರೂ ಅದು ಸಾಮಾನ್ಯವಾದ ದುಃಖವಲ್ಲ. ೧೯೭೫ರ ‘ಸಂನ್ಯಾಸೀ ರಾಜಾ’ ಎಂಬ ಬಂಗಾಳೀ ಚಲಚ್ಚಿತ್ರಕ್ಕೂ ೨೦೧೮ರ ಮತ್ತೊಂದಕ್ಕೂ ವಸ್ತುವನ್ನೊದಗಿಸಿದ ಈ ವೃತ್ತಾಂತವನ್ನು ಇತಿಹಾಸಜ್ಞರಾದ ಪಾರ್ಥ ಚಟರ್ಜಿಯವರು ೨೦೦೨ರ ಗ್ರಂಥದಲ್ಲಿ ವಿಸ್ತಾರವಾಗಿ ಪರಿಶೀಲಿಸಿ, ಅದರ ಶೀರ್ಷಿಕೆಯಲ್ಲಿ ‘ವಂಚಕ’ ಎಂಬ ಪದದ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನೇ ಇಟ್ಟಿದ್ದಾರೆ. ನ್ಯಾಯಸ್ಥಾನವು ಒಂದು ದಿನ ನಿರ್ಣಯವನ್ನು ಕೊಡಲೇಬೇಕು. ಪ್ರತ್ಯಭಿಜ್ಞೆಗೆ ಅಂತಹ ನಿರ್ಬಂಧವಿಲ್ಲ. ಅಭಿಜ್ಞಾನದ ಕಾವ್ಯಗಳನ್ನು ಬೋಧಿಸುವವರು ಒಂದು ಉಂಗುರದ ಸುಲಭವಾದ ಸಮಾಧಾನವನ್ನು ವಿವರಿಸುವಾಗ, ೧೫೪೮ ಸಾಕ್ಷಿಗಳಿಂದಲೂ ದೊರೆಯದೆ ಹೋದ ಸಮಾಧಾನವೊಂದುಂಟೆಂಬುದನ್ನು ನೆನೆಯುವುದು ಯುಕ್ತ.