ಬರೆದಿಡದ ಮಾತಿನ ನಟ: ಮಾಸ್ಟರ್ ಹಿರಣ್ಣಯ್ಯ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಗೆ ಆಶುಹಾಸ್ಯ ಹೊಸದಲ್ಲ. ಮೂಡಲಪಾಯ ಯಕ್ಷಗಾನದಲ್ಲಿ ರಾಜನ ವೇಷಕ್ಕಿಂತ ಮೊದಲು ರಂಗಕ್ಕೆ ಬರುವವನು ಕೋಡಂಗಿ. ಭಾಗವತರು ಕೇಳಿದ್ದಕ್ಕೆ ಅವನು ಕೊಡುವ ಉತ್ತರ ಪ್ರಸಂಗದ ಪುಸ್ತಕದಲ್ಲಿ ಇರುವುದಿಲ್ಲ. ಎದುರಿಗೆ ಕೂತ ಊರನ್ನು ನೋಡಿ ಆ ಹೊತ್ತಿಗೆ ಹುಟ್ಟುವ ಮಾತು ಅದು. ಕಂಪನಿ ನಾಟಕಗಳ ಕಾಲದಲ್ಲಿ ಈ ಸ್ವಾತಂತ್ರ್ಯ ಹಾಸ್ಯನಟನ ಪಾಲಿಗೆ ಬಂತು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಗುಬ್ಬಿ ವೀರಣ್ಣನವರು (1891–1972) ಮನೆಮಾತಾದರು. ಅದೇ ಸ್ವಾತಂತ್ರ್ಯವನ್ನು ಆಳುವವರ ಎದುರು ಹಿಡಿದವರು ಮಾಸ್ಟರ್ ಹಿರಣ್ಣಯ್ಯ.

ಅವರು ಹುಟ್ಟಿದ್ದು 1934ರ ಫೆಬ್ರವರಿ 15ರಂದು, ಮೈಸೂರಿನಲ್ಲಿ. ಹುಟ್ಟುಹೆಸರು ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯ ‘ಕಲ್ಚರ್ಡ್ ಕಮೆಡಿಯನ್’ ಎಂದೇ ಹೆಸರಾದ ನಟ, ಮಿತ್ರ ಮಂಡಳಿಯ ಮಾಲೀಕರು, 1943ರ ‘ವಾಣಿ’ ಚಿತ್ರದ ನಿರ್ದೇಶಕರು. 1953ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ ಇನ್ನೂ ಹತ್ತೊಂಬತ್ತು. ಕೈಗೆ ಬಂದದ್ದು ಒಂದು ಕಂಪನಿಯ ಹೆಸರು, ಜೊತೆಗೆ ಅದನ್ನು ಉಳಿಸಿಕೊಳ್ಳುವ ಭಾರ. ಮುಂದೆ ಹಿರಣ್ಣಯ್ಯ ಮಿತ್ರ ಮಂಡಳಿಯನ್ನು ಮತ್ತೆ ಕಟ್ಟಿ ನಿಲ್ಲಿಸಿದರು.

‘ಮಕ್ಮಲ್ ಟೋಪಿ’, ‘ನಡುಬೀದಿ ನಾರಾಯಣ’, ‘ಭ್ರಷ್ಟಾಚಾರ’, ‘ಕಪಿಮುಷ್ಟಿ’, ಹೀಗೆ ಅವರ ನಾಟಕಗಳು ಹಲವು. ಆದರೆ ಜನ ಇಂದಿಗೂ ಮೊದಲು ಹೇಳುವ ಹೆಸರು ‘ಲಂಚಾವತಾರ’. ಅದರ ಪ್ರದರ್ಶನಗಳು ಹತ್ತು ಸಾವಿರ ದಾಟಿದವೆಂದು ರಂಗಭೂಮಿಯ ಲೆಕ್ಕ. ಲಂಚದ ಕಥೆ ಒಂದೇ ಆಗಿದ್ದರೂ ನೋಡಿದವರೇ ಮತ್ತೆ ಟಿಕೆಟ್ ಕೊಂಡು ಬಂದದ್ದು ಹೇಗೆ?

ಅವರು ಮಾತನ್ನು ಕಟ್ಟುತ್ತಿದ್ದ ಬಗೆಯಲ್ಲೇ ಇದಕ್ಕೆ ಉತ್ತರವಿದೆ. ನಾಟಕದ ಕಥೆ, ದೃಶ್ಯಗಳ ಸಾಲು, ಪಾತ್ರಗಳ ಆಗಮನ ನಿರ್ಗಮನ ಎಲ್ಲವೂ ಗಟ್ಟಿ. ಆ ಚೌಕಟ್ಟಿನೊಳಗೆ ಅವರು ತಮಗಾಗಿ ಜಾಗ ಬಿಟ್ಟುಕೊಂಡಿದ್ದರು. ಬೆಳಗಿನ ಪತ್ರಿಕೆಯ ಸುದ್ದಿ ಸಂಜೆ ಅಲ್ಲಿ ಸೇರುತ್ತಿತ್ತು. ಪಾತ್ರವಾಗಿಯೇ ರಂಗದ ಮುಂದಕ್ಕೆ ಬಂದು ಸಭಿಕರ ಜೊತೆ ಮಾತಿಗಿಳಿದರೆ ಮಂತ್ರಿ, ಮುಖ್ಯಮಂತ್ರಿ ಯಾರನ್ನೂ ಬಿಡುತ್ತಿರಲಿಲ್ಲ. ಹೇಮಾವತಿ ದಂಡೆಯ ಹೊಳೆನರಸೀಪುರದಂಥ ಊರಿನಲ್ಲಿ ಕೂತ ರೈತನೂ ತಾಲ್ಲೂಕು ಕಚೇರಿಯಲ್ಲಿ ಖಾತೆ, ಪಹಣಿಗೆ ಅಲೆದವನೇ. ರಂಗದ ಮೇಲೆ ಗುಮಾಸ್ತ ಕೈ ಚಾಚಿದರೆ ಅವನಿಗೆ ಯಾರೂ ವಿವರಿಸಬೇಕಿರಲಿಲ್ಲ.

ಇಲ್ಲಿ ಸಹನಟರ ಕಷ್ಟವನ್ನೂ ನೆನೆಯಬೇಕು. ಅವರ ಹೆಸರು ಯಾರೂ ಹೇಳುವುದಿಲ್ಲವಾದ್ದರಿಂದ ಈ ಮಾತು ಮುಖ್ಯ. ಯಜಮಾನರು ಕಥೆ ಬಿಟ್ಟು ಎಲ್ಲೆಲ್ಲೋ ಸುತ್ತುವಾಗ ನಗು ತಡೆದುಕೊಂಡು, ಪಾತ್ರ ಬಿಡದೆ ನಿಲ್ಲಬೇಕು. ಯಾವ ಗಳಿಗೆಯಲ್ಲಾದರೂ ಅವರು ಹಿಂದಿರುಗಬಹುದು; ಆಗ ಕ್ಯೂ ತಪ್ಪಿದರೆ ಇಡೀ ದೃಶ್ಯ ಬಿದ್ದೀತು. ಹದಿನಾರನೆಯ ಶತಮಾನದ ಇಟಲಿಯ ಕೊಮೆಡಿಯಾ ದೆಲ್ಲಾರ್ತೆ ನಟರೂ ಕಥೆಯ ಹಂದರ ಮಾತ್ರ ಇಟ್ಟುಕೊಂಡು ಮಾತನ್ನು ರಂಗದಲ್ಲೇ ಕಟ್ಟುತ್ತಿದ್ದರು. ಒಟ್ಟಿಗೆ ವರ್ಷಗಟ್ಟಲೆ ಆಡಿದ ತಂಡಕ್ಕಷ್ಟೇ ಅದು ಸಾಧ್ಯ.

ಮಾತು ಹೆಚ್ಚಾಗಿ ಕಥೆ ಸಡಿಲವಾಗುತ್ತದೆ, ನಾಟಕ ಭಾಷಣವಾಗುತ್ತದೆ ಎಂಬ ಆಕ್ಷೇಪ ಅವರ ಮೇಲಿತ್ತು. ಅದರಲ್ಲಿ ಸತ್ಯವಿದೆ. ಆದರೂ ನನಗೆ ದೊಡ್ಡದಾಗಿ ಕಾಣುವುದು ಅವರ ಧೈರ್ಯ. ಬರೆದ ನಾಟಕಕ್ಕೆ ಎರಡನೆಯ ಯೋಚನೆಗೆ ಸಮಯವಿರುತ್ತದೆ. ಬಾಯಿಂದ ಹೊರಟ ಮಾತಿಗೆ ಆ ರಕ್ಷಣೆಯಿಲ್ಲ.

ಸಿನಿಮಾ ಬೇರೆ ಬಗೆಯ ನಟನನ್ನು ಕೇಳಿತು. ಹಾಸನ ಜಿಲ್ಲೆಯದೇ ಆದ ಅರಸೀಕೆರೆಯ ಟಿ.ಎನ್. ಬಾಲಕೃಷ್ಣ ಅದಕ್ಕೆ ಒಳ್ಳೆಯ ಉದಾಹರಣೆ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರು ನಟರ ತುಟಿಯ ಚಲನೆ ನೋಡಿಕೊಂಡೇ ತಮ್ಮ ಮಾತಿನ ಸರದಿ ಹಿಡಿದು ಹಾಸ್ಯ, ಖಳ, ಪೋಷಕ ಪಾತ್ರಗಳಲ್ಲಿ ದಶಕಗಳ ಕಾಲ ಬೆಳಗಿದರು. ಹಿರಣ್ಣಯ್ಯನವರೂ ಚಿತ್ರಗಳಲ್ಲಿ ನಟಿಸಿದರು. 2007ರ ‘ಶಾಂತಿ ನಿವಾಸ’ದಲ್ಲಿ ಮನೆಯ ಹಿರಿಯರಾಗಿ ಕಾಣುತ್ತಾರೆ. ಆದರೆ ಕ್ಯಾಮೆರಾ ತಿರುಗಿ ನಗುವುದಿಲ್ಲ. ಅವರ ಕಲೆಯ ಅರ್ಧ ಭಾಗ ಎದುರು ಕೂತವರದಾಗಿತ್ತು.

2019ರ ಮೇ 2ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ನಾಟಕಗಳ ಧ್ವನಿಮುದ್ರಣಗಳು ಉಳಿದಿವೆ. ಅವನ್ನು ಕೇಳುವ ಇಂದಿನ ಹುಡುಗರಿಗೆ ಬೈಸಿಕೊಂಡ ಮಂತ್ರಿ ಯಾರೆಂದು ಹಿರಿಯರನ್ನು ಕೇಳಬೇಕಾಗಬಹುದು. ಗುಮಾಸ್ತ ಯಾರೆಂದು ಕೇಳಬೇಕಾಗುವುದಿಲ್ಲ.