ಕೊಟ್ಟ ಚಿತ್ರ, ಕಟ್ಟಿದ ಸೇತುವೆ

ದಾನದ ಮಾತು ಬಂದಾಗ ಏನು ಕೊಟ್ಟರು, ಎಷ್ಟು ಕೊಟ್ಟರು ಎಂದು ಲೋಕ ಕೇಳುತ್ತದೆ. ಎಲ್ಲಿಗೆ ಕೊಟ್ಟರು ಎಂದು ಕೇಳುವವರು ವಿರಳ. ಅಮೆರಿಕ ಸಂಯುಕ್ತ ಸಂಸ್ಥಾನದ ಟೆನೆಸೀ ಪ್ರಾಂತದ ನ್ಯಾಶ್‌ವಿಲ್ ನಗರದಲ್ಲಿ ಫಿಸ್ಕ್ ಎಂಬ ವಿಶ್ವವಿದ್ಯಾಲಯವಿದೆ. ಅಲ್ಲಿಗೆ ಬಂದ ಚಿತ್ರದಾನದ ಕಥೆಯಲ್ಲಾದರೋ ಈ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು.

1949ರ ನವೆಂಬರ್ 4ರಂದು ಫಿಸ್ಕ್‌ನ ಹಳೆಯ ವ್ಯಾಯಾಮಶಾಲೆ ಚಿತ್ರಶಾಲೆಯಾಗಿ ಬಾಗಿಲು ತೆರೆಯಿತು. ಹಿಂದೊಮ್ಮೆ ಹುಡುಗರು ಅಂಗಸಾಧನೆ ಮಾಡುತ್ತಿದ್ದ ಆ ಕಟ್ಟಡದ ಗೋಡೆಗಳ ಮೇಲೆ ಫ್ರಾನ್ಸಿನ ಸೆಜಾನ್, ರೆನ್ವಾರ್, ಸ್ಪೇನಿನ ಪಿಕಾಸೊ ಮೊದಲಾದವರ ಕೃತಿಗಳು ಕಾಣಿಸಿಕೊಂಡವು. ಅವುಗಳ ಪಕ್ಕದಲ್ಲಿ ಅಮೆರಿಕದ ನವೀನ ಕಲಾವಿದರಾದ ಮಾರ್ಸ್‌ಡನ್ ಹಾರ್ಟ್ಲಿ, ಆರ್ಥರ್ ಡವ್, ಜಾನ್ ಮರಿನ್ ಅವರ ಚಿತ್ರಗಳಿದ್ದುವು. ಇವೆಲ್ಲವನ್ನೂ ಕೂಡಿಹಾಕಿದ್ದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ತಾವೇ ತೆಗೆದ ಛಾಯಾಚಿತ್ರಗಳೂ ಅವುಗಳ ಸರಿಸಮನಾಗಿ ನೆಲೆ ಪಡೆದುವು. ಒಟ್ಟು ಕೃತಿಗಳು 101. ಆಧುನಿಕ ಕಲೆಯ ಇಂಥ ಸಂಗ್ರಹ ಆ ದಿನಗಳಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ ಅಪರೂಪವಾಗಿತ್ತು.

ಫಿಸ್ಕ್ ಧನಿಕರ ವಿದ್ಯಾಸಂಸ್ಥೆಯಲ್ಲ. ಗುಲಾಮಗಿರಿ ಅಳಿದ ಮರುಗಳಿಗೆಯಲ್ಲಿ, 1866ರಲ್ಲಿ, ಬಿಡುಗಡೆ ಹೊಂದಿದ ಕರಿಯ ಜನರ ವಿದ್ಯಾಭ್ಯಾಸಕ್ಕಾಗಿ ಹುಟ್ಟಿದ ಸಂಸ್ಥೆ ಅದು. ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ, 1871ರಲ್ಲಿ ಅದರ ವಿದ್ಯಾರ್ಥಿಗಳೇ ಒಂದು ಗಾಯಕ ತಂಡ ಕಟ್ಟಿಕೊಂಡು ಊರೂರು ಸುತ್ತಿ, ತಮ್ಮ ಹಿರಿಯರ ಭಕ್ತಿಗೀತೆಗಳನ್ನು ಹಾಡಿ, ಹಣ ಕೂಡಿಸಿ ಅದನ್ನು ಉಳಿಸಿದರು. 1949ರಲ್ಲಿಯೂ ನ್ಯಾಶ್‌ವಿಲ್‌ನಲ್ಲಿ ವರ್ಣಭೇದದ ಕಟ್ಟಳೆ ಬಿಗಿಯಾಗಿಯೇ ಇದ್ದಿತು. ಕರಿಯ ವಿದ್ಯಾರ್ಥಿಯೊಬ್ಬ ಪೇಟೆಯ ದೊಡ್ಡ ಅಂಗಡಿಯಲ್ಲಿ ಸಾಮಾನು ಕೊಳ್ಳಬಹುದಿತ್ತು. ಅದೇ ಅಂಗಡಿಯ ಉಪಾಹಾರದ ಮೇಜಿನ ಮುಂದೆ ಕುಳಿತು ಒಂದು ಬಟ್ಟಲು ಕಾಫಿ ಕುಡಿಯುವಂತಿರಲಿಲ್ಲ. ಅಂಥ ಊರಿನಲ್ಲಿ, ಅಂಥ ವಿದ್ಯಾರ್ಥಿಯ ಮನೆಬಾಗಿಲಿಗೆ ಈ ಚಿತ್ರಸಂಪತ್ತು ಬಂದದ್ದು ಹೇಗೆ?

ಯಂತ್ರದ ಚಿತ್ರಕ್ಕೆ ಕಲೆಯ ಪದವಿ

1864ರಲ್ಲಿ ಹುಟ್ಟಿದ ಸ್ಟೀಗ್ಲಿಟ್ಸ್ ತಮ್ಮ ಆಯುಷ್ಯದ ಬಹುಭಾಗವನ್ನು ಒಂದೇ ವಾದಕ್ಕೆ ತೆತ್ತವರು: ಛಾಯಾಚಿತ್ರ ಯಂತ್ರದ ಕೆಲಸವಲ್ಲ, ಕಲೆ. ಕ್ಯಾಮರ ಎಂಬುದು ಮುಖ ನೋಡಿಕೊಳ್ಳುವ ಕನ್ನಡಿಯಷ್ಟೇ ಎಂದು ಭಾವಿಸಿದ್ದ ಕಾಲವದು. ಅವರು 1903ರಿಂದ 1917ರವರೆಗೆ ಒಂದು ಪತ್ರಿಕೆಯನ್ನು ನಡೆಸಿದರು. 1905ರಲ್ಲಿ ನ್ಯೂಯಾರ್ಕ್ ನಗರದ ಫಿಫ್ತ್ ಅವೆನ್ಯೂ ಬೀದಿಯಲ್ಲಿ ಒಂದು ಪುಟ್ಟ ಚಿತ್ರಶಾಲೆಯನ್ನು ತೆರೆದರು. ಛಾಯಾಚಿತ್ರವನ್ನೂ ವರ್ಣಚಿತ್ರವನ್ನೂ ಅಲ್ಲಿ ಒಂದೇ ಗೌರವದಿಂದ ತೂಗುಹಾಕುತ್ತಿದ್ದರು.

ವಾದ ಗೆಲ್ಲಬೇಕಾದರೆ ವಸ್ತುಸಂಗ್ರಹಾಲಯದ ಬಾಗಿಲು ತೆರೆಯಬೇಕಾಗಿತ್ತು. ಆ ಬಾಗಿಲನ್ನು ತೆರೆಸಿದವರಲ್ಲಿ ಮುಖ್ಯರಾದವರು ಭಾರತೀಯ ಓದುಗರಿಗೆ ಚಿರಪರಿಚಿತರಾದ ಆನಂದ ಕುಮಾರಸ್ವಾಮಿ. ಭಾರತೀಯ ಶಿಲ್ಪ ಮತ್ತು ಚಿತ್ರಕಲೆಯ ತತ್ತ್ವವನ್ನು ಪಶ್ಚಿಮದ ಜನಕ್ಕೆ ತಿಳಿಯಹೇಳಿದ ಆ ಪಂಡಿತರು 1917ರಿಂದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿ ಅಧಿಕಾರಿಯಾಗಿದ್ದರು. ಸ್ವತಃ ಕ್ಯಾಮರ ಹಿಡಿದವರೂ ಹೌದು. ಅವರ ಒತ್ತಾಸೆಯಿಂದ 1924ರಲ್ಲಿ ಬಾಸ್ಟನ್ ಸಂಗ್ರಹಾಲಯವು ಸ್ಟೀಗ್ಲಿಟ್ಸ್ ಅವರ 27 ಛಾಯಾಚಿತ್ರಗಳನ್ನು ಸ್ವೀಕರಿಸಿತು. ಅವುಗಳನ್ನು ಮಾರಲಿಲ್ಲ, ಛಾಯಾಗ್ರಾಹಕರೇ ದಾನವಾಗಿ ಕೊಟ್ಟರು. ಅಮೆರಿಕದ ದೊಡ್ಡ ಕಲಾಸಂಗ್ರಹಾಲಯವೊಂದು ಛಾಯಾಚಿತ್ರವನ್ನು ಕಲಾಕೃತಿಯೆಂದು ಒಳಗೆ ಕರೆದುಕೊಂಡ ಮೊದಮೊದಲ ಸಂದರ್ಭಗಳಲ್ಲಿ ಅದೂ ಒಂದು. ಹೀಗೆ ಆ ದೇಶದಲ್ಲಿ ಛಾಯಾಚಿತ್ರಕಲೆಗೆ ದೊರೆತ ಮನ್ನಣೆಯ ಬುಡದಲ್ಲಿಯೇ ಒಂದು ದಾನವಿದೆ.

1946ರ ಜುಲೈ 13ರಂದು ಸ್ಟೀಗ್ಲಿಟ್ಸ್ ತೀರಿಕೊಂಡರು. ಕೂಡಿಹಾಕಿದ್ದ ಕೃತಿಗಳನ್ನು ಲಾಭವನ್ನೆಣಿಸದ ಸಂಸ್ಥೆಗಳಿಗೆ ಹಂಚುವ ಹೊಣೆ ಅವರ ಪತ್ನಿ, ಹೆಸರಾಂತ ಚಿತ್ರಕಾರ್ತಿ ಜಾರ್ಜಿಯಾ ಓಕೀಫ್ ಅವರ ಮೇಲೆ ಬಿದ್ದಿತು. ಆಕೆ ತಮ್ಮ ಕುಂಚವನ್ನು ಬದಿಗಿಟ್ಟು ಸುಮಾರು ಮೂರು ವರ್ಷ ಈ ಕೆಲಸದಲ್ಲಿ ತೊಡಗಿದರು. ನ್ಯೂಯಾರ್ಕ್, ಷಿಕಾಗೋ, ವಾಷಿಂಗ್ಟನ್, ಫಿಲಡೆಲ್ಫಿಯಾ ನಗರಗಳ ಮಹಾಸಂಗ್ರಹಾಲಯಗಳಿಗೆ ಒಂದೊಂದು ಪಾಲು ಸಂದಿತು. ಆ ಸಾಲಿನಲ್ಲಿ ಫಿಸ್ಕ್‌ನ ಹೆಸರನ್ನು ಸೇರಿಸಿದವರು ಇನ್ನೊಬ್ಬ ಛಾಯಾಗ್ರಾಹಕರು, ಕಾರ್ಲ್ ವ್ಯಾನ್ ವೆಕ್ಟನ್.

ಅದಲು ಬದಲು

ವ್ಯಾನ್ ವೆಕ್ಟನ್ ಬಿಳಿಯರು. 1880ರಲ್ಲಿ ಅಯೋವಾ ಪ್ರಾಂತದಲ್ಲಿ ಹುಟ್ಟಿದವರು. ಸಂಗೀತ ವಿಮರ್ಶಕರಾಗಿ, ಕಾದಂಬರಿಕಾರರಾಗಿ ಹೆಸರು ಮಾಡಿದ ಮೇಲೆ, ಐವತ್ತು ವರ್ಷ ದಾಟಿದ ವಯಸ್ಸಿನಲ್ಲಿ, 1932ರ ಸುಮಾರಿಗೆ ಲೈಕಾ ಕ್ಯಾಮರವನ್ನು ಕೈಗೆತ್ತಿಕೊಂಡರು. 1964ರಲ್ಲಿ ಸಾಯುವವರೆಗೂ ಅದನ್ನು ಕೆಳಗಿಡಲಿಲ್ಲ. ಕರಿಯ ಜನಾಂಗದ ಕವಿಗಳು, ಗಾಯಕರು, ನಟರು, ವಿದ್ವಾಂಸರನ್ನು ಸಾಲುಸಾಲಾಗಿ ತಮ್ಮ ಮನೆಗೆ ಕರೆದು, ಬಣ್ಣದ ಪರದೆಗಳ ಮುಂದೆ ಕುಳ್ಳಿರಿಸಿ ಚಿತ್ರ ತೆಗೆದರು. ಲ್ಯಾಂಗ್ಸ್‌ಟನ್ ಹ್ಯೂಸ್, ಝೋರಾ ನೀಲ್ ಹರ್ಸ್‌ಟನ್, ಬೆಸ್ಸಿ ಸ್ಮಿತ್, ಮೇರಿಯನ್ ಆಂಡರ್ಸನ್, ಪಾಲ್ ರೋಬ್ಸನ್, ಬಿಲ್ಲಿ ಹಾಲಿಡೇ: ಇವರೆಲ್ಲರ ಮುಖಗಳನ್ನು ಇಂದಿನವರು ಬಹುಮಟ್ಟಿಗೆ ಅವರ ಕ್ಯಾಮರದ ಮೂಲಕವೇ ಬಲ್ಲರು.

ಅವರ ಮೇಲೆ ಸಂಶಯಪಟ್ಟವರೂ ಇಲ್ಲದಿರಲಿಲ್ಲ. ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್ ಅನ್ನು ಕುರಿತು 1926ರಲ್ಲಿ ಅವರು ಬರೆದ ಕಾದಂಬರಿಯನ್ನು ಮಹಾವಿದ್ವಾಂಸರಾದ ಡು ಬಾಯ್ಸ್ ಕಟುವಾಗಿ ಖಂಡಿಸಿದ್ದರು. ಡು ಬಾಯ್ಸ್ ಫಿಸ್ಕ್‌ನ ಹಳೆಯ ವಿದ್ಯಾರ್ಥಿ. 1888ರಲ್ಲಿ ಅಲ್ಲಿಂದ ಪದವಿ ಪಡೆದವರು. ಇಪ್ಪತ್ತು ವರ್ಷಗಳು ಕಳೆದ ಮೇಲೆ, 1946ರಲ್ಲಿ, ಅದೇ ಡು ಬಾಯ್ಸ್ ಅದೇ ವ್ಯಾನ್ ವೆಕ್ಟನ್‌ರ ಕ್ಯಾಮರದ ಮುಂದೆ ಕುಳಿತರು.

ತೆಗೆದ ಚಿತ್ರಗಳನ್ನು ವ್ಯಾನ್ ವೆಕ್ಟನ್ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ, ವಿದ್ಯಾಸಂಸ್ಥೆಗಳಿಗೆ ಕೊಟ್ಟರು. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ನಟಿ ರೋಸ್ ಮೆಕ್ಲೆಂಡನ್ ಅವರ ಸ್ಮರಣೆಗಾಗಿ ಒಂದು ಸಂಗ್ರಹ. ಯೇಲ್ ವಿಶ್ವವಿದ್ಯಾಲಯಕ್ಕೆ 1941ರಲ್ಲಿ, ಕವಿ ಜೇಮ್ಸ್ ವೆಲ್ಡನ್ ಜಾನ್ಸನ್ ಅವರ ಸ್ಮಾರಕವಾಗಿ ಇನ್ನೊಂದು. ಈ ಸಂಗ್ರಹಗಳಿಗೆ ತಮ್ಮ ಹೆಸರಿಡದೆ ಗತಿಸಿದ ಗೆಳೆಯರ ಹೆಸರಿಟ್ಟರು.

ಆದರೆ ಅವರ ನಿಜವಾದ ಜಾಣತನ ಕಾಣುವುದು ದಾನದ ಸ್ಥಳವನ್ನು ಆರಿಸಿದ ರೀತಿಯಲ್ಲಿ. ಕರಿಯ ಜನಾಂಗದ ಸಾಹಿತ್ಯಕ್ಕೂ ಕಲೆಗೂ ಸಂಬಂಧಿಸಿದ ಹಸ್ತಪ್ರತಿ, ಪತ್ರ, ಛಾಯಾಚಿತ್ರಗಳನ್ನು ಅವರು ಬಿಳಿಯರ ಯೇಲ್‌ಗೆ ಕೊಟ್ಟರು. ತಮ್ಮಲ್ಲಿದ್ದ ಸಂಗೀತ ಗ್ರಂಥಭಂಡಾರವನ್ನು, ಗೆಳೆಯ ಜಾರ್ಜ್ ಗರ್ಷ್‌ವಿನ್ ಎಂಬ ಬಿಳಿಯ ಸಂಗೀತ ರಚನಕಾರರ ಹೆಸರಿನಲ್ಲಿ, ಕರಿಯರ ಫಿಸ್ಕ್‌ಗೆ ಕೊಟ್ಟರು. ಕರಿಯರ ಬರವಣಿಗೆಯನ್ನು ಓದಬಯಸುವವರು ಯೇಲ್‌ನ ಬಾಗಿಲು ತಟ್ಟಬೇಕು. ಸಂಗೀತ ಕಲಿಯಬಯಸುವ ಬಿಳಿಯ ವಿದ್ವಾಂಸರು ಕರಿಯರ ಕಾಲೇಜಿನ ಮೆಟ್ಟಿಲು ಹತ್ತಬೇಕು. ಕಾಯಿದೆ ಎಬ್ಬಿಸಿದ ಗೋಡೆಯನ್ನು ಒಡೆಯುವ ಬಲ ಅವರಿಗಿರಲಿಲ್ಲ. ಗೋಡೆಯ ಎರಡೂ ಕಡೆ ಒಂದೊಂದು ನಿಧಿಯನ್ನಿಟ್ಟು, ಜನ ತಾವಾಗಿಯೇ ದಾಟಿ ಬರುವಂತೆ ಮಾಡಿದರು.

ಸ್ಟೀಗ್ಲಿಟ್ಸ್ ಸಂಗ್ರಹದ ಒಂದು ಪಾಲನ್ನು ಫಿಸ್ಕ್‌ಗೆ ಕೊಡಬೇಕೆಂದು ಅವರು ಓಕೀಫ್ ಅವರಿಗೆ ಸೂಚಿಸಿದ್ದೂ ಇದೇ ಆಲೋಚನೆಯಿಂದ. ಆಗ ಫಿಸ್ಕ್‌ನ ಅಧ್ಯಕ್ಷರಾಗಿದ್ದವರು ಚಾರ್ಲ್ಸ್ ಜಾನ್ಸನ್. ಆ ಪದವಿಗೇರಿದ ಮೊದಲನೆಯ ಕರಿಯರು. ಚಿತ್ರಕಲಾ ವಿಭಾಗವನ್ನು ಕಟ್ಟಿ ಬೆಳೆಸಿದವರು ಹೆಸರಾಂತ ಚಿತ್ರಕಾರ ಏರನ್ ಡಗ್ಲಸ್. ಓಕೀಫ್ ತಾವೇ ನ್ಯಾಶ್‌ವಿಲ್‌ಗೆ ಬಂದು, ಗೋಡೆಯ ಬಣ್ಣ, ದೀಪದ ಬೆಳಕು ಮುಂತಾದುವನ್ನೆಲ್ಲ ಮುಂದೆ ನಿಂತು ಸರಿಪಡಿಸಿದರು. ಚಿತ್ರಶಾಲೆಗೆ ಕಾರ್ಲ್ ವ್ಯಾನ್ ವೆಕ್ಟನ್ ಅವರ ಹೆಸರನ್ನೇ ಇಡಲಾಯಿತು. ಮುಂದೆ ಹತ್ತು ವರ್ಷ ಕಳೆದ ಮೇಲೆ, 1960ರ ಫೆಬ್ರುವರಿಯಲ್ಲಿ, ಫಿಸ್ಕ್ ಮತ್ತು ನೆರೆಯ ಕಾಲೇಜುಗಳ ವಿದ್ಯಾರ್ಥಿಗಳು ಪೇಟೆಯ ಆ ಉಪಾಹಾರದ ಮೇಜುಗಳ ಮುಂದೆ ಶಾಂತರಾಗಿ ಕುಳಿತು ಸತ್ಯಾಗ್ರಹ ಹೂಡಿದರು. ಮೇ ತಿಂಗಳಲ್ಲಿ ಆ ಮೇಜುಗಳು ಅವರಿಗೂ ತೆರೆದುವು.

ದಾನದ ಕಟ್ಟಳೆ, ಬಡತನದ ಕಟ್ಟಳೆ

ಓಕೀಫ್ ಸಂಗ್ರಹವನ್ನು ಷರತ್ತಿಲ್ಲದೆ ಕೊಡಲಿಲ್ಲ. ಕೃತಿಗಳನ್ನು ಮಾರಕೂಡದು, ಬಿಡಿಬಿಡಿಯಾಗಿ ಹಂಚಕೂಡದು, ಒಂದಾಗಿಯೇ ಪ್ರದರ್ಶಿಸಬೇಕು. ಕನ್ನಡ ನಾಡಿನ ಹಳೆಯ ದಾನಶಾಸನಗಳ ಕೊನೆಯಲ್ಲಿ, ದತ್ತಿಯನ್ನು ಕೆಡಿಸಿದವರಿಗೆ ತಗಲುವ ಪಾಪವನ್ನು ಹೇಳುವ ಶಾಪಾಶಯವನ್ನು ಕೆತ್ತಿಸುವುದು ವಾಡಿಕೆಯಾಗಿತ್ತು. ಅಮೆರಿಕದಲ್ಲಿ ಶಾಪದ ಸ್ಥಾನವನ್ನು ನ್ಯಾಯಾಲಯ ವಹಿಸಿಕೊಂಡಿದೆ.

ಅರ್ಧ ಶತಮಾನ ಉರುಳಿತು. ಚಿತ್ರಗಳ ಬೆಲೆ ಏರಿತು. ಫಿಸ್ಕ್‌ನ ಬೊಕ್ಕಸ ಬರಿದಾಗುತ್ತ ಬಂದಿತು. ಅಧ್ಯಾಪಕರ ಸಂಬಳ, ಕಟ್ಟಡಗಳ ದುರಸ್ತಿ ಎಲ್ಲಕ್ಕೂ ಅಡಚಣೆ. 2005ರಲ್ಲಿ ವಿಶ್ವವಿದ್ಯಾಲಯವು ಎರಡು ವರ್ಣಚಿತ್ರಗಳನ್ನು ಮಾರಲು ಅನುಮತಿ ಬೇಡಿ ನ್ಯಾಯಾಲಯಕ್ಕೆ ಹೋಯಿತು. ಅವುಗಳಲ್ಲೊಂದು ಓಕೀಫ್ ಅವರೇ 1927ರಲ್ಲಿ ಬರೆದ, ನ್ಯೂಯಾರ್ಕಿನ ಗಗನಚುಂಬಿಯೊಂದರ ರಾತ್ರಿಯ ಚಿತ್ರ. ಓಕೀಫ್ ಹೆಸರಿನ ಸಂಗ್ರಹಾಲಯ ತಕರಾರು ಎತ್ತಿತು; ಸಾರ್ವಜನಿಕರ ಪರವಾಗಿ ಟೆನೆಸೀ ಪ್ರಾಂತದ ಅಟಾರ್ನಿ ಜನರಲ್ ವಾದಿಸಿದರು.

ವಾದ ವರ್ಷಗಟ್ಟಲೆ ನಡೆಯಿತು. ಎರಡು ಕಡೆಗೂ ನ್ಯಾಯವಿತ್ತು. ಕೊಟ್ಟವರ ಮಾತನ್ನು ಮೀರಿದರೆ ಮುಂದೆ ಯಾರು ನಂಬಿ ಕೊಟ್ಟಾರು? ಆದರೆ ವಿದ್ಯಾಸಂಸ್ಥೆಯೇ ಮುಚ್ಚಿಹೋದರೆ ಚಿತ್ರಗಳನ್ನು ನೋಡಲು ವಿದ್ಯಾರ್ಥಿಗಳೆಲ್ಲಿ ಉಳಿದಾರು? ಕೊನೆಗೆ 2012ರಲ್ಲಿ ಒಪ್ಪಂದವಾಯಿತು. ವಾಲ್‌ಮಾರ್ಟ್ ಅಂಗಡಿಗಳ ಒಡೆತನದ ಮನೆತನದ ಆಲಿಸ್ ವಾಲ್ಟನ್ ಅವರು ಆರ್ಕನ್ಸಾ ಪ್ರಾಂತದಲ್ಲಿ ಸ್ಥಾಪಿಸಿದ ಕ್ರಿಸ್ಟಲ್ ಬ್ರಿಜಸ್ ಸಂಗ್ರಹಾಲಯವು 3 ಕೋಟಿ ಡಾಲರು ಕೊಟ್ಟು ಸಂಗ್ರಹದಲ್ಲಿ ಅರ್ಧ ಪಾಲು ಪಡೆಯಿತು. ಸಂಗ್ರಹ ಒಡೆಯಲಿಲ್ಲ, ಎರಡೆರಡು ವರ್ಷಕ್ಕೊಮ್ಮೆ ಒಂದೂರಿನಿಂದ ಇನ್ನೊಂದೂರಿಗೆ ಪ್ರಯಾಣ ಮಾಡುವ ಏರ್ಪಾಡಾಯಿತು. ಷರತ್ತಿನ ಅಕ್ಷರ ಸವೆಯಿತು. ಉದ್ದೇಶ ಅರ್ಧ ಉಳಿಯಿತು.

ಕಾಗದದ ಬೆಲೆ

ಛಾಯಾಗ್ರಾಹಕರು ಕಾಲೇಜುಗಳ ಸಂಗ್ರಹಾಲಯಗಳಿಗೆ ತಮ್ಮ ಕೃತಿಗಳನ್ನು ಕೊಡುವ ಪದ್ಧತಿ ಇಂದಿಗೂ ಅಮೆರಿಕದಲ್ಲಿ ನಡೆದುಬಂದಿದೆ. ಆದರೆ 1969ರ ತೆರಿಗೆ ಕಾಯಿದೆಯಿಂದ ಅಲ್ಲಿ ಒಂದು ವಿಚಿತ್ರ ಉಂಟಾಗಿದೆ. ಧನಿಕನೊಬ್ಬ ಛಾಯಾಚಿತ್ರವನ್ನು ಕೊಂಡು, ಕೆಲಕಾಲ ಇಟ್ಟುಕೊಂಡು, ಅನಂತರ ಸಂಗ್ರಹಾಲಯಕ್ಕೆ ದಾನ ಮಾಡಿದರೆ, ಪೇಟೆಯಲ್ಲಿ ಅದಕ್ಕಿರುವ ಪೂರ್ಣ ಬೆಲೆಯನ್ನು ತನ್ನ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು. ಅದೇ ಚಿತ್ರವನ್ನು ತೆಗೆದವನೇ ಕೊಟ್ಟರೆ ಕಳೆಯಬಹುದಾದದ್ದು ಕಾಗದ, ರಾಸಾಯನಿಕ ಮುಂತಾದ ಸಾಮಗ್ರಿಯ ಖರ್ಚು ಮಾತ್ರ. ಕಣ್ಣಿಗೆ ಬೆಲೆಯಿಲ್ಲ, ಕಾಗದಕ್ಕೆ ಬೆಲೆ. ಈ ಕಾಯಿದೆ ಬಂದ ಮೇಲೆ ಕಲಾವಿದರ ದಾನಗಳು ಬಹಳ ಇಳಿದುವು. ಆದರೂ ಕೊಡುವವರು ಕೊಡುತ್ತಲೇ ಇದ್ದಾರೆ.

ಛಾಯಾಚಿತ್ರ ಬೆಳಕಿನಿಂದ ಹುಟ್ಟುವ ವಸ್ತುವಾದರೂ ಬೆಳಕೇ ಅದರ ಶತ್ರು. ಬಹುಕಾಲ ಗೋಡೆಯ ಮೇಲಿದ್ದರೆ ಮಸಕಾಗುತ್ತದೆ. ಆದಕಾರಣ ಸಂಗ್ರಹಾಲಯಗಳು ಅದನ್ನು ತಂಪಾದ ಕೋಣೆಗಳಲ್ಲಿ, ಕತ್ತಲೆಯ ಪೆಟ್ಟಿಗೆಗಳಲ್ಲಿ ಕಾಪಾಡುತ್ತವೆ. ದೊಡ್ಡ ನಗರದ ಸಂಗ್ರಹಾಲಯದಲ್ಲಿ ಇಂಥ ಪೆಟ್ಟಿಗೆಯೊಂದು ವರ್ಷಗಟ್ಟಲೆ ತೆರೆಯದೆ ಉಳಿಯಬಹುದು. ಕಾಲೇಜಿನಲ್ಲಿ ಹಾಗಲ್ಲ, ಅಧ್ಯಾಪಕರು ಕೇಳಿದರೆ ಪೆಟ್ಟಿಗೆ ಮೇಜಿಗೆ ಬರುತ್ತದೆ. ಪುಸ್ತಕದ ಅಚ್ಚಿನಲ್ಲಿ ಕಪ್ಪಾಗಿಯೇ ಕಂಡ ನೆರಳಿನೊಳಗೆ ಎಷ್ಟು ಬಗೆಯ ಬೂದುಬಣ್ಣಗಳಿವೆ ಎಂಬುದನ್ನು ವಿದ್ಯಾರ್ಥಿ ಮೊಳದ ದೂರದಿಂದ ತನ್ನ ಕಣ್ಣಿನಿಂದಲೇ ನೋಡುತ್ತಾನೆ.

ತಾವು ಕೊಟ್ಟದ್ದು ಇಂಥ ಮೇಜುಗಳಿಗೆ ತಲುಪಬೇಕೆಂದೇ ವ್ಯಾನ್ ವೆಕ್ಟನ್ ವಿದ್ಯಾಸಂಸ್ಥೆಗಳನ್ನು ಆರಿಸಿಕೊಂಡರು. ಕೀರ್ತಿಗೆ ಕೊಟ್ಟಿದ್ದರೆ ನ್ಯೂಯಾರ್ಕಿನ ಮಹಾಸೌಧಗಳು ಹತ್ತಿರದಲ್ಲಿಯೇ ಇದ್ದುವು. ನೋಡುವ ಹಕ್ಕನ್ನು ಯಾರಿಗೆ ನಿರಾಕರಿಸಲಾಗಿತ್ತೋ ಅವರ ಕಣ್ಣೆದುರಿಗೆ ಚಿತ್ರಗಳನ್ನಿಡುವುದು, ಆ ಜನರ ಮುಖವನ್ನು ಉಳಿದವರು ಕಣ್ಣೆತ್ತಿ ನೋಡುವಂತೆ ಮಾಡುವುದು, ಇದು ಆ ದಾನದ ಗುರಿ. ವಿದ್ಯಾರ್ಥಿಗಳ ಕಂಠದಿಂದ ಒಮ್ಮೆ ಉಳಿದ ಫಿಸ್ಕ್ ಇಂದಿಗೂ ನಡೆಯುತ್ತಿದೆ. ಅದರ ಹಳೆಯ ವ್ಯಾಯಾಮಶಾಲೆಯ ಚಿತ್ರಶಾಲೆಗೆ ಇಂದಿಗೂ ಆ ಛಾಯಾಗ್ರಾಹಕರ ಹೆಸರಿದೆ.