ಮಂದ್ರಸ್ವರದ ಪೆಟ್ಟಿಗೆಗೆ ಬಾಯಿ ಎಷ್ಟಿರಬೇಕು?

ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿಯವರು ನಾದಪ್ರಿಯರೆಂಬುದು ಸರ್ವವಿದಿತವಷ್ಟೆ. ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳದ ಹೆಸರನ್ನು ಇಲ್ಲಿ ಕೇಳದವರಾರು? ರಂಗದೆದುರು ಕುಳಿತು ಆಟ ನೋಡುವ ಸುಖ ಬೇರೆ. ಮಳೆಗಾಲದ ರಾತ್ರಿ ಮನೆಯೊಳಗೆ ಸಂಗೀತದ ಧ್ವನಿಮುದ್ರಣ ಕೇಳುವ ಸುಖ ಬೇರೆ. ಈ ಎರಡನೆಯ ಸುಖಕ್ಕಾಗಿ ಗೃಹಸ್ಥರು ಸಬ್‌ವೂಫರ್ ತರಿಸಿ, ಅದಕ್ಕೆ ಊರ ಬಡಗಿಯಿಂದ ಪೆಟ್ಟಿಗೆ ಮಾಡಿಸುವುದುಂಟು. ಪೆಟ್ಟಿಗೆಯೇನೋ ಅಂದವಾಗಿರುತ್ತದೆ, ಆದರೆ ಅದರ ರಂಧ್ರವನ್ನು ಕಣ್ಣಳತೆಯಿಂದ ಕೊರೆದರೆ ಗಂಭೀರನಾದಕ್ಕೆ ಬದಲಾಗಿ ಬುಸುಗುಟ್ಟುವ ಗಾಳಿ ಹೊರಡುತ್ತದೆ. ತೆತ್ತ ಹಣ ವ್ಯರ್ಥವಾಗಬಾರದೆಂದು ಈ ವಿಷಯವನ್ನು ನಮ್ಮ ವಾಚಕರ ಮುಂದಿಡುವೆವು.

ಬರಿಯ ಸೀಸೆಯ ಬಾಯಿಗೆ ಊದಿದರೆ ಒಂದು ಸ್ವರ ಹೊರಡುವುದು. ಕುತ್ತಿಗೆಯ ಗಾಳಿ ಭಾರದಂತೆಯೂ ಒಡಲಿನ ಗಾಳಿ ಸ್ಪ್ರಿಂಗಿನಂತೆಯೂ ವರ್ತಿಸುವುದೇ ಇದಕ್ಕೆ ಕಾರಣ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ೧೮೬೩ರ ತಮ್ಮ ಗ್ರಂಥದಲ್ಲಿ ಇಂಥ ಅನುನಾದಕಗಳನ್ನು ವಿವರಿಸಿದರು. ಘಟವಾದಕರು ಘಟದ ಬಾಯನ್ನು ಹೊಟ್ಟೆಗೊತ್ತಿ ಸ್ವರವನ್ನು ಬದಲಿಸುವುದೂ ಇದೇ ತತ್ತ್ವದಿಂದ. ಅಮೆರಿಕದ ಥ್ಯೂರಾಸ್ ಎಂಬವರು ೧೯೩೦ರ ಸುಮಾರಿಗೆ ಧ್ವನಿವರ್ಧಕದ ಪೆಟ್ಟಿಗೆಗೆ ಇದನ್ನು ಅಳವಡಿಸಿದರು.

ಲೆಕ್ಕದ ಸಾರವಿಷ್ಟೆ: ಪೆಟ್ಟಿಗೆ ದೊಡ್ಡದಾದಷ್ಟೂ, ನಳಿಗೆ ಉದ್ದವಾದಷ್ಟೂ ಸ್ವರ ತಗ್ಗುವುದು; ಬಾಯಿ ಅಗಲವಾದಷ್ಟೂ ಏರುವುದು. ಪೆಟ್ಟಿಗೆಯ ಗಾತ್ರವೂ ಸ್ವರವೂ ಎಷ್ಟಿರಬೇಕೆಂಬುದನ್ನು ಸಬ್‌ವೂಫರಿನೊಡನೆ ಬರುವ ವಿವರಪತ್ರದಿಂದ ತಿಳಿಯತಕ್ಕದ್ದು. ಉದಾಹರಣೆಗೆ, ಒಳಗಾತ್ರ ೫೦ ಲೀಟರು, ಸ್ವರ ಸೆಕೆಂಡಿಗೆ ೩೨ ಕಂಪನವೆಂದಿಟ್ಟುಕೊಳ್ಳೋಣ. ಆಗ ೫ ಸೆಂ.ಮೀ. ವ್ಯಾಸದ ನಳಿಗೆಗೆ ಸುಮಾರು ೮ ಸೆಂ.ಮೀ. ಉದ್ದ ಸಾಕು, ೭.೫ಕ್ಕೆ ೨೦, ೧೦ಕ್ಕೆ ೩೯, ೧೫ಕ್ಕೆ ೯೨ ಸೆಂ.ಮೀ. ಬೇಕು.

ಹಾಗಾದರೆ ಚಿಕ್ಕ ನಳಿಗೆಯೇ ಲಾಭವಲ್ಲವೆ? ಅಲ್ಲ. ಕುಮಟೆಯ ಅಘನಾಶಿನಿಯ ಗಜನಿ ಗದ್ದೆಗಳ ಕಟ್ಟಿನ ಬಾಗಿಲನ್ನು ನೋಡಿದವರು ಬಲ್ಲರು: ಅಷ್ಟೇ ನೀರು ಅಷ್ಟೇ ಹೊತ್ತಿನಲ್ಲಿ ಕಿರಿದಾದ ಬಾಗಿಲಿನಿಂದ ಹಾಯಬೇಕಾದರೆ ಭೋರ್ಗರೆಯುತ್ತದೆ. ಗಾಳಿಯೂ ಹಾಗೆಯೇ. ನಳಿಗೆಯ ಗಾಳಿ ಪ್ರತಿ ಕಂಪನದಲ್ಲಿ ಇತ್ತ ಅತ್ತ ೪೦೦ ಘನ ಸೆಂ.ಮೀ.ನಂತೆ ಸರಿಯುವಷ್ಟು ಜೋರಾಗಿ ನುಡಿಸಿದರೆ, ೫ ಸೆಂ.ಮೀ. ನಳಿಗೆಯಲ್ಲಿ ಅದರ ಗರಿಷ್ಠ ವೇಗ ಸೆಕೆಂಡಿಗೆ ೪೧ ಮೀಟರು, ೭.೫ರಲ್ಲಿ ೧೮, ೧೦ರಲ್ಲಿ ೧೦. ವೇಗವು ಸುಮಾರು ೧೭ ಮೀಟರನ್ನು ಮೀರಬಾರದೆಂಬುದು ರೂಢಿಯ ನಿಯಮ. ಆದುದರಿಂದ ಇಲ್ಲಿ ೧೦ ಸೆಂ.ಮೀ. ಉತ್ತಮ, ೧೫ರದು ಪೆಟ್ಟಿಗೆಯಲ್ಲಿ ಹಿಡಿಸದು.

ಇನ್ನು ಬಡಗಿಗೆ ಹೇಳಬೇಕಾದ ಮಾತುಗಳು. ನಳಿಗೆಯ ಒಳತುದಿಗೂ ಎದುರಿನ ಹಲಗೆಗೂ ನಡುವೆ ಕನಿಷ್ಠಪಕ್ಷ ಒಂದು ವ್ಯಾಸದಷ್ಟು ತೆರಪಿರಲಿ. ಸ್ಥಳ ಸಾಲದಿದ್ದರೆ ಪಿ.ವಿ.ಸಿ. ಪೈಪನ್ನು ಮೊಣಕೈಯಂತೆ ಬಾಗಿಸಬಹುದು. ನಳಿಗೆಯೇ ಆಕ್ರಮಿಸುವ ೩ ಲೀಟರಿಗೂ ಮಿಕ್ಕ ಸ್ಥಳವನ್ನು ೫೦ ಲೀಟರಿನ ಮೇಲೆ ಕೂಡಿಸತಕ್ಕದ್ದು. ಪೈಪನ್ನು ಮೊದಲು ತುಸು ಉದ್ದವಾಗಿಯೇ ಕೊಯ್ಯಿರಿ. ಕಡಿದರೆ ಸ್ವರ ಏರುವುದು, ಕಡಿದುದನ್ನು ಮರಳಿ ಜೋಡಿಸುವುದು ಕಷ್ಟ. ನಮ್ಮ ಕರಾವಳಿಯ ಆರ್ದ್ರತೆಗೆ ಪ್ಲೈವುಡ್ಡು ಉಬ್ಬುವ ಸಂಭವವಿರುವುದರಿಂದ ಕೊಯ್ದ ಅಂಚುಗಳಿಗೂ ಬಣ್ಣ ಬಳಿಯಿಸಿರಿ. ಸಂದಿನಿಂದ ಗಾಳಿ ಸೋರಿದರೆ ಲೆಕ್ಕವೆಲ್ಲ ತಪ್ಪುವುದು.

ಕೊನೆಯದಾಗಿ ಒಂದು ಎಚ್ಚರಿಕೆ. ಪೆಟ್ಟಿಗೆಯ ಸ್ವರಕ್ಕಿಂತ ಬಹಳ ಕೆಳಗಿನ ಧ್ವನಿಯನ್ನು ಜೋರಾಗಿ ನುಡಿಸಿದರೆ ಒಳಗಾಳಿಯ ಹಿಡಿತ ತಪ್ಪಿ ಸಬ್‌ವೂಫರಿನ ಪೊರೆ ಮಿತಿಮೀರಿ ಕುಣಿದು ಕೆಡುವುದು. ಮನೆಯ ಹಂಚು ಅದುರುವಷ್ಟು ನುಡಿಸುವುದರಲ್ಲಿ ರಸಿಕತೆಯಿಲ್ಲ. ನೆರೆಮನೆಯ ಮಗು ನಿದ್ದೆಯಿಂದೇಳದಂತೆ, ಮೃದಂಗದ ಎಡಭಾಗದ ಗುಂಕಾರ ಸ್ಪಷ್ಟವಾಗಿ ಕೇಳಿಸಿದರೆ ಪೆಟ್ಟಿಗೆ ಸಾರ್ಥಕವಾಯಿತೆಂದು ತಿಳಿಯಬಹುದು.